ಉಪ್ಪುನೀರು ಕುಡಿದ ಪೊದೆ

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಮುಂಚೆ ಅಂತಿಟ್ಕೋ, ಒಬ್ಬ ದೊರೆಗೆ ಗಿಡಮರದ ಹುಚ್ಚು ಇತ್ತಂತೆ. ಯಾರೂ ಕಾಣದ ಮರ ಎಲ್ಲಿದ್ರೂ ಗಾಡಿ ಕಟ್ಟಿಸಿ ತರಿಸಿ, ಬೆಟ್ಟದ ಬುಡದಲ್ಲಿ ಒಂದು ಕಾಡುತೋಟ ಮಾಡಿಸಿದ್ನಂತೆ. ಆ ತೋಟ ನೋಡ್ಕೊಳ್ತಿದ್ದೋಳು ಬೋರಮ್ಮ. ಅವಳಿಗೆ ವಯಸ್ಸಾಯ್ತು, ಮಂಡಿ ಹಿಡೀತು. ಮನೇಲಿ ಇಬ್ಬರು ಸೊಸೆಯರು, ಹಿರೀಸೊಸೆ ಮಾಚಮ್ಮ, ಕಿರೀಸೊಸೆ ಈರಮ್ಮ. ಇನ್ನು ತೋಟ ನಂದೇ ಅಂತ ಮಾಚಮ್ಮ ಕಾಯ್ತಾ ಕೂತಿದ್ರೆ, ಅತ್ತೆ ತೋಟದ ಬೀಗದಕೈ ತಗೊಂಡು ಮೊನ್ನೆ ಮೊನ್ನೆ ಮನೆಗೆ ಬಂದ ಈರಮ್ಮನ ಸೊಂಟಕ್ಕೆ ಸಿಗಿಸಿಬಿಟ್ಲಂತೆ.

ಯಾಕತ್ತೆ, ನನಗೇನು ಕೈಕಾಲಿಲ್ವಾ, ಅಂದ್ಲು ಮಾಚಮ್ಮ.

ಕೈಕಾಲಿದೆ ಕಣವ್ವ. ನೀನು ಬುಡಕ್ಕೆ ನೀರು ಹುಯ್ಯೋದೂ ನೋಡಿದೀನಿ. ಒಂದು ದಿನನಾದ್ರೂ ತಲೆ ಎತ್ತಿ ಮರ ನೋಡಿದ್ದಿಲ್ಲ, ಅಂದ್ಲಂತೆ ಅತ್ತೆ.

ಅಷ್ಟೇ ಮಗಾ, ಅವತ್ತು ಮಾಚಮ್ಮನ ಹೊಟ್ಟೇಲಿ ಕಿಚ್ಚು ಹೊತ್ಕೊಂಡ್ತು. ಉಂಡಿದ್ದು ಮೈಗೆ ಹತ್ತಲಿಲ್ಲ. ಈರಮ್ಮ ನಕ್ರೆ ಕಿಚ್ಚು, ಅವಳ ಸೊಂಟದ ಬೀಗದಕೈ ಝಣ್ ಅಂದ್ರೂ ಕಿಚ್ಚು.

ಮಾಗಿ ಚಳಿ ಕಳೀತಾ ಬಂತು. ತೋಟದಲ್ಲಿದ್ದ ಅಶೋಕದ ಮರದ ತುಂಬ ಕಂದುಬಣ್ಣದ ಎಲೆ, ಹಿಂಡಿ ಹಾಕಿದ ಬಟ್ಟೆ ಥರ ಜೋತು ಬಿದ್ದಿದ್ವಂತೆ. ಮಾಚಮ್ಮ ಅದನ್ನ ಬೇಲಿಯಾಚೆಯಿಂದ ಕಂಡಿದ್ದೇ ತಡ, ಅರಮನೆಗೆ ಓಡಿ, ದೊರೆಸಾನೀ, ಅಶೋಕ ಒಣಗೋಯ್ತು, ನನ್ನ ವಾರಗಿತ್ತಿ ನೀರೇ ಹಾಕಿಲ್ಲ, ಅಂತ ಚಾಡಿ ಹೇಳಿದ್ಲಂತೆ. ದೊರೆಸಾನಿಗೆ ಬಿಡುವಾಗಿ ತೋಟಕ್ಕೆ ಬರೋ ಹೊತ್ತಿಗೆ ಆ ಎಲೆಗಳೆಲ್ಲ ನೆಟ್ಟಗಾಗಿ ಹಸಿರಾಗಿ ನಿಂತಿವೆ! ಅಶೋಕದ ಚಿಗುರು ಹುಟ್ಟೋದೇ ಹಾಗೆ ಅಮ್ಮಾ, ಮೊದಲು ಜೋಲು, ಆಮೇಲೆ ಬಿಗಿ, ಅಂದ್ಲು ಈರಮ್ಮ. ಮಾಚಮ್ಮನ ಮುಖ ಸಣ್ಣದಾಯ್ತು.

ಆಮೇಲೆ ಬೇಸಿಗೆ ಬಂತು, ಸುರಗಿ ಮರ ಮೊಗ್ಗು ಕಚ್ತು. ಈರಮ್ಮ ದೊರೆಸಾನಿಗೆ ಸುರಗಿ ದಂಡೆ ಕಟ್ಟಿಕೊಡ್ತೀನಿ ಅಂದಿದ್ಲಂತೆ. ಅದು ಕಿವಿಗೆ ಬಿದ್ದು, ಮಾಚಮ್ಮ ಊರೆಲ್ಲ ಊಟ ಮಾಡಿ ಒರಗಿದ್ದಾಗ ಬೇಲಿ ನುಸುಳಿ, ಗಳ ಹಿಡಿದು ಮೊಗ್ಗೆಲ್ಲ ಬಡಿದು ಉದುರಿಸಿ ಬಂದ್ಲಂತೆ. ಸಂಜೆ ಮನೆಗೆ ಬಂದ ಈರಮ್ಮನ ಮಡಿಲ ತುಂಬ ಮೊಗ್ಗು! ಅತ್ತೆ, ಯಾರೋ ಪುಣ್ಯಾತ್ಮರು ನನ್ನ ಕೆಲಸ ಮಾಡಿಟ್ಟಿದಾರೆ, ಬಿರಿಯೋ ಮುಂಚೆ ಕಿತ್ತು ಒಣಗಿಸಿದ್ರೇ ಅಲ್ವಾ ಸುರಗಿ ಘಮ ನಿಲ್ಲೋದು, ಅಂತ ನಗ್ತಾ ಪೋಣಿಸೋಕೆ ಕೂತ್ಲಂತೆ. ನಗಬೇಡ ಕಣೋ, ಮಾಚಮ್ಮ ಅವತ್ತು ಉಣ್ಣಲೇ ಇಲ್ಲ.

ಇವಳಿಗೆ ಏನೋ ಮಂತ್ರ ಗೊತ್ತು ಅನ್ನಿಸ್ತು ಮಾಚಮ್ಮಂಗೆ. ಮಳೆಗಾಲ ಪೂರ್ತಿ ಎಲೆ ಹೆಣೆದ ಗೊರಗ ಹೊದ್ಕೊಂಡು ಈರಮ್ಮನ ಹಿಂದೆ ಹಿಂದೆ ಕದ್ದು ಹೋಗೋದು, ಪೊದೆ ಮರೇಲಿ ಕೂರೋದು. ಈರಮ್ಮ ಮಂತ್ರನೂ ಹಾಕ್ತಿರಲಿಲ್ಲ, ತಂತ್ರನೂ ಮಾಡ್ತಿರಲಿಲ್ಲ. ಎಲೆ ಮಗುಚಿ ನೋಡೋಳು, ತೊಗಟೆ ಸವರೋಳು, ಮಣ್ಣು ಮೂಸೋಳು. ಇಷ್ಟಕ್ಕೇನಾ ಅತ್ತೆ ಇವಳನ್ನ ತಲೆ ಮೇಲೆ ಹೊತ್ಕೊಂಡಿರೋದು ಅಂತ ಮಾಚಮ್ಮ ಇನ್ನೂ ಉರಿದುಬಿದ್ಲಂತೆ.

ಆ ತೋಟದ ನಡುವೆ ದೊರೆಸಾನಿ ತನ್ನ ತವರಿನ ಬೆಟ್ಟದಿಂದ ತಂದ ಒಂದು ಪೊದೆ ಇತ್ತು. ಸೀಮೆಗೆಲ್ಲ ಅದೊಂದೇ. ಅದು ಹೂ ಬಿಟ್ಟಿದ್ದನ್ನ ಆ ಊರಲ್ಲಿ ಯಾರೂ ಕಂಡಿರಲಿಲ್ಲ. ಮಳೆ ಹಿಂದಾದ ಮೇಲೆ ಮಾಚಮ್ಮ ಕೊಡದಲ್ಲಿ ಉಪ್ಪು ಕದಡ್ಕೊಂಡು ಹೋಗಿ ಅದರ ಬುಡಕ್ಕೆ ಸುರಿದುಬಿಟ್ಲಂತೆ. ಎಲೆ ಹಳದಿಯಾಯ್ತು, ಕಡ್ಡಿ ಕಪ್ಪಾಯ್ತು. ದೊರೆಸಾನಿ ಕಣ್ಣೀರು ಹಾಕ್ಕೊಂಡು, ಈ ಈರಮ್ಮ ಇನ್ನು ತೋಟದ ಹತ್ರ ಸುಳೀಬಾರ್ದು, ಅಂದ್ಲು. ಈರಮ್ಮ ಅಳ್ತಾ ಗಂಟು ಕಟ್ಕೊಂಡು ತವರಿಗೆ ಹೋದ್ಲು. ಬೀಗದಕೈ ಮಾಚಮ್ಮನ ಸೊಂಟಕ್ಕೆ ಬಂತು.

ಆದ್ರೆ ಕೇಳು. ಮಾರನೇ ಬೆಳಗ್ಗೆ ಬೀಗ ತೆಗೆದು ಒಳಗೆ ಹೋದ್ರೆ, ಅವಳ ಕಣ್ಣು ತಾನಾಗೇ ತೊಗಟೆ ನೋಡ್ತು, ಕೈ ತಾನಾಗೇ ಎಲೆ ಮಗುಚ್ತು. ಅಷ್ಟು ದಿನ ಈರಮ್ಮನ್ನ ನೋಡಿ ನೋಡಿ ಅವಳಿಗೆ ಮರ ನೋಡೋದು ಬಂದುಬಿಟ್ಟಿತ್ತು! ಯಾವ ಮರ ಎಲೆ ಉದುರಿಸ್ತಿದೆ, ಯಾವುದು ಒಳಗೊಳಗೇ ಚಿಗುರ್ತಿದೆ, ಎಲ್ಲ ಕಾಣ್ತಾ ಇತ್ತು. ನಡುವೆ ಆ ಕಪ್ಪು ಪೊದೆನೂ ಕಾಣ್ತಾ ಇತ್ತು. ಅದರ ಮುಂದೆ ದಾಟೋಕೆ ಕಾಲು ಬರಲಿಲ್ಲವಂತೆ.

ಸೆರಗು ಸಿಗಿಸಿ ಕೂತ್ಲು ನೋಡು. ಉಪ್ಪು ಕುಡಿದ ಮಣ್ಣನ್ನ ಬೆರಳಲ್ಲೇ ಕೆದಕಿ ತೆಗೆದು ಆಚೆ ಹಾಕಿದ್ಲು, ಹೊಸ ಮಣ್ಣು ತುಂಬಿದ್ಲು, ಹಳ್ಳದಿಂದ ಸಿಹಿನೀರು ಹೊತ್ತು ಹೊತ್ತು ಹುಯ್ದು ಬುಡ ತೊಳೆದ್ಲು. ಚಳಿ ಪೂರ್ತಿ ಅದೇ ಕೆಲಸ. ಯುಗಾದಿ ಹತ್ರ ಬಂದಾಗ ಮಣ್ಣು ಬಿರಿದು ಒಂದು ಮೊಳಕೆ ಎದ್ದಿತ್ತಂತೆ. ಮಾಚಮ್ಮಂಗೆ ಕುಣಿಯೋ ಹಾಗಾಯ್ತು. ಯಾರಿಗೆ ತೋರಿಸ್ತಾಳೆ? ಅದು ಏನು ಅಂತ ಅರ್ಥ ಆಗೋ ಜೀವ ಒಂದೇ ಒಂದಿತ್ತು.

ನಡ್ಕೊಂಡೇ ಈರಮ್ಮನ ತವರಿಗೆ ಹೋದ್ಲು. ಈರಮ್ಮ ಜಗಲಿ ಮೇಲೆ ರಾಗಿ ಕೇರ್ತಿದ್ದೋಳು ಮುಖ ತಿರುಗಿಸಿದ್ಲು.

ಉಪ್ಪು ಹಾಕಿದ್ದು ನಾನೇ ಕಣೇ, ಅಂದ್ಲು ಮಾಚಮ್ಮ.

ಈರಮ್ಮನ ಕೈಯಿಂದ ಮೊರ ಜಾರಿ ಬಿತ್ತು. ನನ್ನ ಬೈದಿದ್ರೆ ಆಗ್ತಿತ್ತು, ಹೊಡೆದಿದ್ರೂ ಆಗ್ತಿತ್ತು, ಆ ಗಿಡ ಏನು ಮಾಡಿತ್ತಕ್ಕಾ ನಿನಗೆ? ಹೋಗು, ನಿನ್ನ ಮುಖ ನೋಡಲ್ಲ ನಾನು, ಅಂದ್ಲಂತೆ.

ಮಾಚಮ್ಮ ಮೆತ್ತಗೆ, ಚಿಗುರಿದೆ ಕಣೇ, ಅಂದ್ಲು.

ಈರಮ್ಮ ಬಗ್ಗಿ ಚೆಲ್ಲಿದ ರಾಗಿ ಬಳಿಯೋಕೆ ಕೂತ್ಲು. ಆಮೇಲೆ ಮುಖ ತಿರುಗಿಸ್ಕೊಂಡೇ ಕೇಳಿದ್ಲು, ಕಡ್ಡೀಲೋ, ಬೇರಲ್ಲೋ?

ಬೇರಲ್ಲಿ. ಹಳ್ಳದ ಕಡೆಗೆ. ಎಲೆ ಇನ್ನೂ ಮಡಚ್ಕೊಂಡಿದೆ, ಬೆನ್ನ ಮೇಲೆ ಕೆಂಪು ನವಿರು.

ಕೆಂಪಾ? ಹಾಗಾದ್ರೆ ಕಳೆ ಅಲ್ಲ, ಅದೇ ಪೊದೆ! ಅಂತ ಈರಮ್ಮ ಧಡಕ್ಕನೆ ಎದ್ದಳಂತೆ. ರಾಗಿ ಅಲ್ಲೇ ಬಿಟ್ಲು. ದಾರಿ ಪೂರ್ತಿ ಇಬ್ಬರ ಕಾಲೂ ಓಡ್ತಾ ಇದ್ವು.

ಮಾಚಮ್ಮ ದೊರೆಸಾನಿ ಮುಂದೆನೂ ಎಲ್ಲ ಒಪ್ಪಿಕೊಂಡ್ಲು. ದೊರೆಸಾನಿ ಮೊಳಕೆ ಮುಂದೆ ಕೂತು ಸವರಿ, ಬೀಗದಕೈ ಈರಮ್ಮಂಗೆ, ನೀರಿನ ಕೊಡ ನಿನಗೆ, ಬದುಕಿರೋವರೆಗೂ ಹೊರು, ಅಂದ್ಲಂತೆ. ಮಾಚಮ್ಮ ಕೊಡನ ಒಡವೆ ಥರ ಎತ್ಕೊಂಡ್ಲು.

ಪೊದೆ ಬೆಳೀತು. ಒಂದು ಬೆಳಗ್ಗೆ ಮಾಚಮ್ಮ ನೀರು ತಂದ್ರೆ, ತುದೀಲಿ ಒಂದೇ ಒಂದು ನೀಲಿ ಹೂವು! ಈರೀ, ಬಾರೇ, ಬೇಗ ಬಾರೇ, ಅಂತ ಬೆಟ್ಟ ಮಾರ್ದನಿ ಕೊಡೋ ಹಾಗೆ ಕೂಗಿದ್ಲಂತೆ. ಈರಮ್ಮ ಓಡಿ ಬಂದು ನೋಡಿದ್ಲು, ಕಣ್ತುಂಬ ನೋಡಿದ್ಲು, ಆಮೇಲೆ ತುಟಿ ಊದಿಸ್ಕೊಂಡು, ನನಗಿಂತ ಮುಂಚೆ ನೀನ್ಯಾಕೆ ನೋಡಿದ್ದು, ಅಂತ ಮುನಿಸ್ಕೊಂಡ್ಲಂತೆ. ಮಾಚಮ್ಮ ಅವಳ ಮುಖ ನೋಡಿದ್ಲು. ಆ ಉರಿ ಅವಳಿಗೆ ಚೆನ್ನಾಗಿ ಗುರುತಿತ್ತು. ಕೊಡ ಕೆಳಗಿಟ್ಟು ಹೊಟ್ಟೆ ಹಿಡ್ಕೊಂಡು ನಕ್ಕಿದ್ದೇ ನಕ್ಕಿದ್ದು, ಈರಮ್ಮಂಗೂ ನಗು ಬಂತಂತೆ.

ಅವರು ಅಲ್ಲಿ ನಗ್ತಾ ಕೂತ್ರು, ನನ್ನ ಕತೆ ಇಲ್ಲಿ ಮುಗೀತು. ಮುಚ್ಚು ಕಣ್ಣು.