ಪಟ್ಟದ ಕತ್ತಿ, ಮುಚ್ಚಿದ ಮಡಕೆ

ಆ ಕಾಲದಲ್ಲಿ ಹಾಲಗುಂದಿ ಸೀಮೆಯವರೆಲ್ಲ ನಂಬಿದ್ದು ಇದು: ಅರಮನೆಯ ಪಟ್ಟದ ಕತ್ತಿಯನ್ನು ಒರೆಯಿಂದ ಹಿರಿದವನ ಕಣ್ಣು ಅಲ್ಲೇ ಇಂಗಿಹೋಗುತ್ತದೆ. ಹಾಗಾಗಿ ಮೂರು ತಲೆಮಾರಿನಿಂದ ಯಾರೂ ಹಿರಿದಿರಲಿಲ್ಲ. ಯುದ್ಧಕ್ಕೆ ಬೇರೆ ಕತ್ತಿಗಳಿದ್ದವು.

ದೊರೆ ಕಾಟಪ್ಪ ನಾಯಕನಿಗೆ ತಾನು ಬಲು ವಿಚಾರವಂತ ಎಂಬ ಹೆಮ್ಮೆ. ಊರವರ ದೇವರುಗಳನ್ನು ಆಡಿಕೊಳ್ಳುವುದು ಊಟದ ನಂತರ ಅವನ ಕೆಲಸ. ನಗುವುದು ಸಭೆಯವರ ಕೆಲಸ.

ಒಂದು ದಿನ ಅವನ ಅಪ್ಪಣೆಯಂತೆ ಆಳುಗಳು ಕುಂಬಾರಕೇರಿಯ ಗುಡಿಯಿಂದ, ಬಾಯಿಗೆ ಮಣ್ಣು ಮೆತ್ತಿ ಮುಚ್ಚಿದ್ದ ಹಳೆಯ ಮಡಕೆಯೊಂದನ್ನು ಹೊತ್ತು ತಂದರು. ಅದರ ಮುಂದೆ ದೀಪ ಹಚ್ಚದೆ ಕುಂಬಾರರು ಮಡಕೆ ಸುಡುವ ಆವಿಗೆಗೆ ಬೆಂಕಿ ಇಡುತ್ತಿರಲಿಲ್ಲ. ಹಿಂದೆಯೇ ಕೇರಿಯ ಹಿರಿಯಳು ಗುರುವಕ್ಕ ಏದುಸಿರು ಬಿಡುತ್ತ ಬಂದಳು.

"ಏನಮ್ಮಾ, ಒಳಗೆ ನಿನ್ನ ದೇವರಿಗೆ ಉಸಿರು ಕಟ್ಟುವುದಿಲ್ಲವೇ?" ಎಂದ ದೊರೆ. "ತೆಗೆದು ಸ್ವಲ್ಪ ಗಾಳಿ ಆಡಿಸೋಣ."

ಸಭೆ ನಕ್ಕಿತು.

"ಬ್ಯಾಡ ಬುದ್ಧಿ. ಅದನ್ನ ಒಡೆದ್ರೆ ಕೇರೀಲಿ ಇನ್ಯಾರೂ ಆವಿಗೆ ಹಚ್ಚೋದಿಲ್ಲ. ನಲವತ್ತು ಮನೆ ಒಲೆ ಆರ್ತವೆ."

"ಮಡಕೆ ಮಾಡುವವರೇ ಮಡಕೆಗೆ ಕೈಮುಗಿಯುವುದು! ಬೊಪ್ಪಯ್ಯ, ಸುತ್ತಿಗೆ ತಾ."

ಬೊಪ್ಪಯ್ಯ ಆಯುಧಶಾಲೆಯ ಅಧಿಕಾರಿ. ಹದಿನೆಂಟು ವರ್ಷದಿಂದ ಆಯುಧಪೂಜೆಯ ದಿನ ಪಟ್ಟದ ಕತ್ತಿಯನ್ನು ದಿಂಬಿನ ಮೇಲಿಟ್ಟು ಸಭೆಗೆ ತರುತ್ತಿದ್ದವನು ಅವನೇ. ದೇವರು ದಿಂಡರನ್ನು ಅವನೂ ಅಷ್ಟಾಗಿ ನಂಬಿದವನಲ್ಲ. ಆದರೆ ನಡುಗುವ ಮುದುಕಿಯ ಎದುರು ಅದನ್ನು ಸಾರುವುದು ಶೌರ್ಯವೆಂದು ಅವನಿಗೆ ಎಂದೂ ಅನಿಸಿರಲಿಲ್ಲ.

"ಅಪ್ಪಣೆ, ಮಹಾಸ್ವಾಮಿ. ಪರೀಕ್ಷೆ ಎಂದರೆ ಹೀಗಿರಬೇಕು," ಎಂದು ಹೋದ.

ಬರುವಾಗ ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದು ಕೈಯಲ್ಲಿ ದಿಂಬು, ದಿಂಬಿನ ಮೇಲೆ ಪಟ್ಟದ ಕತ್ತಿ.

"ಇದೇಕೆ?"

"ತಾಂಬೂಲವಿರಲಿ, ತೀರ್ಥವಿರಲಿ, ಮೊದಲ ಮರ್ಯಾದೆ ಅರಮನೆಗಲ್ಲವೇ? ಪರೀಕ್ಷೆಯಲ್ಲಿ ಮಾತ್ರ ಕುಂಬಾರಕೇರಿಯನ್ನು ಮುಂದೆ ಬಿಟ್ಟರೆ ಹೇಗೆ? ಮೊದಲು ತಾವು ಕತ್ತಿ ಹಿರಿಯಬೇಕು. ಆಮೇಲೆ ಮಡಕೆ."

ನಗು ನಿಂತಿತು. ಮುಂದಿನ ಸಾಲಿನವರಿಗೆ ಏಕೋ ಹಿಂದಿನ ಸಾಲು ಹಿಡಿಸತೊಡಗಿತು.

"ಹುಚ್ಚೇನಯ್ಯಾ ನಿನಗೆ? ಕಣ್ಣು ಹೋಗುತ್ತದೆ!"

"ಯಾರು ಹೇಳಿದ್ದು, ಮಹಾಸ್ವಾಮಿ?"

"ನಮ್ಮ ತಾತ."

"ಗುರುವಕ್ಕ, ಮಡಕೆ ತೆಗೆಯಬಾರದು ಅಂತ ನಿನಗೆ ಯಾರು ಹೇಳಿದ್ದು?"

"ನಮ್ಮ ತಾತ, ಸ್ವಾಮಿ."

ಬೊಪ್ಪಯ್ಯ ದಿಂಬನ್ನು ದೊರೆಯ ಮೂಗಿನವರೆಗೆ ಎತ್ತಿದ. "ಅವಳ ತಾತನನ್ನು ನೋಡಿ ನಗುವ ಮೊದಲು ತಮ್ಮ ತಾತನವರ ಮಾತನ್ನು ಒಮ್ಮೆ ಪರೀಕ್ಷಿಸಿಬಿಡೋಣ. ಹಿಡಿ ಈ ಕಡೆ ಇದೆ. ನಾನು ಕಣ್ಣು ಮುಚ್ಚಿಕೊಂಡಿರುತ್ತೇನೆ."

ದೊರೆ ಹಿಡಿಯನ್ನೇ ನೋಡುತ್ತ ಕುಳಿತ. ಕೈ ಮುಂದೆ ಬರಲಿಲ್ಲ. ಕೊನೆಗೆ ನಕ್ಕ, ಈ ಸಲ ಒಬ್ಬನೇ.

"ಗುರುವಕ್ಕನವರೇ, ನಿಮ್ಮ ದೇವರನ್ನು ಪಲ್ಲಕ್ಕಿಯಲ್ಲಿ ಕಳಿಸುತ್ತೇನೆ. ತಪ್ಪು ತಿಳಿಯಬೇಡಿ." ಆಮೇಲೆ ಸಭೆಯ ಕಡೆ ತಿರುಗಿ, "ಪರರ ದೇವರ ಮಾತು ಬಂದಾಗ ನಾಲಿಗೆ ಹಿಡಿತದಲ್ಲಿರಲಿ!" ಎಂದು ಗದರಿದ, ಈವರೆಗೆ ಆಡಿಕೊಂಡವರು ಅವರೇ ಎಂಬಂತೆ.

ಬೊಪ್ಪಯ್ಯನಿಗೆ ಒಂದು ಶಾಲು ಸಿಕ್ಕಿತು. ಅದನ್ನು ಹೆಗಲ ಮೇಲೆ ಹಾಕಿಕೊಂಡು, ಪಟ್ಟದ ಕತ್ತಿಯನ್ನು ಒಂದೇ ಕೈಯಲ್ಲಿ ಆಯುಧಶಾಲೆಗೆ ಒಯ್ದ. ಹದಿನೆಂಟು ವರ್ಷ ಹೊತ್ತವನಿಗೆ ಅದರ ತೂಕ ಗೊತ್ತಿತ್ತು. ಹಿಡಿಯನ್ನು ಒರೆಯ ಬಾಯಿಗೆ ಅರಗಿನಿಂದ ಅಂಟಿಸಿದ್ದರು. ಒಳಗೆ ಕತ್ತಿ ಇರಲಿಲ್ಲ.