ಮರಕುಟಿಗ ತಡೆದ ಸಾಲು

ಹೊಳೆ ಉಕ್ಕಿದರೆ ಕಾಡಿಗೆಲ್ಲ ಕೇಳುವಂತೆ ಗಂಟೆ ಬಾರಿಸುವ ಪ್ರೋಗ್ರಾಮನ್ನು ಅಳಿಲು ಜಾವಾಸ್ಕ್ರಿಪ್ಟ್‌ನಲ್ಲಿ ಬರೆಯಿತು. ಪರೀಕ್ಷಿಸುವಾಗ ಯಾರೂ ಬೆಚ್ಚದಿರಲೆಂದು ಗಂಟೆಯ ಸದ್ದಡಗಿಸುವ ಒಂದು ಸಾಲನ್ನೂ ಸೇರಿಸಿತ್ತು. ಬರೆದದ್ದನ್ನು ಕಮಿಟ್ ಮಾಡಿ ಕಾಡಿನ ಕೋಡ್ ಭಂಡಾರಕ್ಕೆ ಸೇರಿಸಲು ಬಂದಾಗ, ಪ್ರತಿ ಸಾಲನ್ನೂ ಕುಟ್ಟಿ ನೋಡಿಯೇ ಒಳಗೆ ಬಿಡುವ ಮರಕುಟಿಗ ಅದನ್ನು ತಡೆಯಿತು.

“ಈ ಸಾಲು ಪರೀಕ್ಷೆಗೆ ಮಾತ್ರ ಎಂದು ನೀನೇ ಪಕ್ಕದಲ್ಲಿ ಬರೆದಿದ್ದೀಯ. ತೆಗೆದು ತಾ.”

“ಮೋಡ ಕಟ್ಟಿದೆ ಅಣ್ಣಾ, ಈಗ ಬಿಡು. ಆಮೇಲೆ ತೆಗೆಯುತ್ತೇನೆ,” ಎಂದಿತು ಅಳಿಲು.

“ನಿನ್ನ ಆಮೇಲೆಗೆ ಹೊಳೆ ಕಾಯುವುದಿಲ್ಲ.”

ಅಳಿಲು ತಟ್ಟನೆ ಹಿಂದಿರುಗಿತು. ಸಾಲನ್ನು ಅಳಿಸಿ ತಂದ ಕೂಡಲೇ ಮರಕುಟಿಗ ದಾರಿ ಬಿಟ್ಟಿತು. ಸಂಜೆ ಹೊಳೆ ಉಕ್ಕಿತು, ಗಂಟೆ ಮೊಳಗಿತು, ಕಾಡಿನ ಪ್ರಾಣಿಗಳೆಲ್ಲ ಮರಿಗಳ ಸಮೇತ ಗುಡ್ಡ ಸೇರಿದವು. ಆನೆ ಅಳಿಲನ್ನು ಬೆನ್ನಿಗೇರಿಸಿಕೊಂಡಿತು. ಅಳಿಲು ಮರಕುಟಿಗನನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಗುಡ್ಡವೆಲ್ಲ ಮೆರೆಯಿತು.