ಬಾರದ ಅತಿಥಿಯ ಒಲೆ

“ಕೇಳಿರಪ್ಪಾ ಕೇಳಿ! ಯುವರಾಜರು ಕೆಮ್ಮಿ ಕೆಮ್ಮಿ ತೀರಿಕೊಂಡರು. ಅವರ ಅಕ್ಕ ಚೆಲುವಾಂಬೆಯವರು ಮೂರು ಒಗಟು ಒಡ್ಡಿದ್ದಾರೆ. ಬಿಡಿಸಿದವರು ಕೈ ಕೇಳಿದರೆ ಕೈ, ರಾಜ್ಯ ಕೇಳಿದರೆ ರಾಜ್ಯ. ತಪ್ಪಿದವರ ತಲೆ ಉಳಿಯದು!”

ಡಂಗುರ ಕೇಳಿದಾಗ ಕೆಂಚನ ಮಡಿಲಲ್ಲಿ ಪುಟ್ಟ ಮಗಳು ಬೊಮ್ಮಿ ಕೆಮ್ಮುತ್ತಿದ್ದಳು. ಅವನು ಛತ್ರದ ಬಚ್ಚಲೊಲೆಗೆ ಸೌದೆ ಒಟ್ಟುವವನು. ಬೆಳಗಿನ ಬಿಸಿಲಿಗೆ ಕೆಂಪೇರುವ ಕೆಂಗೋಡು ಬೆಟ್ಟ ನೋಡಲು ದೇಶದೇಶದ ಜನ ಬರುತ್ತಿದ್ದರು. ಬಂದವನಿಗೆ ತಣ್ಣನೆಯ ಒಲೆ ಕಂಡರೆ ಕುಲಕ್ಕೆ ಕೇಡು ಎಂದು ಆ ಸೀಮೆಯ ನಂಬಿಕೆ. ಹಾಗಾಗಿ ಗಡಿಯಿಂದ ಬೆಟ್ಟದ ತನಕ ಸಾಲು ಛತ್ರಗಳಲ್ಲಿ ಯಾರು ಬರಲಿ ಬಿಡಲಿ, ಒಲೆ ಆರುತ್ತಿರಲಿಲ್ಲ. ಈಗ ಹೊಗೆಯಲ್ಲಿ ಬೆಟ್ಟವೇ ಕಾಣದು, ಆದರೂ ಜನ ಬರುತ್ತಾರೆ. ಇದಕ್ಕೆ ಏನನ್ನೋಣ ಹೇಳಿ.

“ಒಲೆ ಆರದೆ ಮಗು ಉಳಿಯಲ್ಲ,” ಎಂದಳು ಹೆಂಡತಿ ನಿಂಗಿ. ಕೆಂಚ ಮಗುವನ್ನು ಅವಳ ಮಡಿಲಿಗೆ ಹಾಕಿ ಅರಮನೆಯ ದಾರಿ ಹಿಡಿದ.

ಆಸ್ಥಾನದಲ್ಲಿ ಇಬ್ಬರು ವರರು ಮೊದಲೇ ನಿಂತಿದ್ದರು.

“ಹೊಗೆಯನ್ನು ಎಲ್ಲಿ ಅಳೆಯಬೇಕು?” ಎಂದಳು ಚೆಲುವಾಂಬೆ.

“ಆಕಾಶದಲ್ಲಿ,” ಎಂದ ನೆರೆರಾಜ್ಯದ ಕುಮಾರ. ಅವನನ್ನು ಎಳೆದೊಯ್ದರು.

“ಬಂದ ಅತಿಥಿಗಿಂತ ಬಾರದ ಅತಿಥಿಯೇ ಹೆಚ್ಚು ಉಂಡ. ಏನು ಉಂಡ?”

“ಅದು ಪಿಂಡ,” ಎಂದ ಮಂತ್ರಿಯ ಮಗ. ಕೊಡಲಿಯ ಸದ್ದು ಒಳಗೂ ಕೇಳಿತು. ಕೆಂಚ ಮುಂದೆ ಬಂದ.

“ಹೊಗೆಯನ್ನು ಕಾಡಿನಲ್ಲಿ ಅಳೆಯಬೇಕು ತಾಯಿ. ಮೇಲೆ ಹೋದದ್ದು ಕೈಗೆ ಸಿಗಲ್ಲ, ಕಡಿದ ಮರದ ಬೊಡ್ಡೆ ಅಲ್ಲೇ ಇರುತ್ತೆ. ಬಾರದವನು ಉಂಡದ್ದು ಸೌದೆ. ಬಂದವನಿಗೆ ಒಂದು ಹಂಡೆ ಕಾಯಿಸ್ತೀವಿ, ಬಾರದವನಿಗೆ ಹಗಲೂ ರಾತ್ರಿ ಕಾಯಿಸ್ತೀವಿ.”

ಚೆಲುವಾಂಬೆಯ ಧ್ವನಿ ಸಣ್ಣಗಾಯಿತು. “ನನ್ನ ತಮ್ಮನನ್ನು ಕೊಂದವರು ಯಾರು?”

ಸುಳ್ಳು ಹೇಳಿದರೂ ಸಾವು, ನಿಜ ಹೇಳಿದರೂ ಸಾವು. ಕೆಂಚನಿಗೆ ಮಗಳ ಉಸಿರು ನೆನಪಾಯಿತು.

“ಉರಿ ಹಾಕಿದವನು ನಾನು, ಅಲ್ಲ ಅನ್ನಲ್ಲ. ಬೆಟ್ಟ ನೋಡ ಬನ್ನಿ ಅಂತ ಲೋಕವನ್ನೆಲ್ಲ ಕರೆಸಿದವರು ನೀವು. ಇಬ್ಬರೂ ಸೇರಿ ಕೊಂದ್ವಿ ತಾಯಿ.”

ಕೊಡಲಿಯವನು ಹೆಜ್ಜೆ ಎತ್ತಿದ. ಚೆಲುವಾಂಬೆ ಕೈ ಅಡ್ಡ ಹಿಡಿದಳು. “ಮೂರೂ ಸರಿ. ಏನು ಬೇಕೋ ಕೇಳು.”

“ಅತಿಥಿ ಹೊಸಿಲು ತುಳಿದ ಮೇಲೆ ಒಲೆ ಹಚ್ಚಲಿ. ಕರೆಯೋದು ಸಾಕು. ಬರುವವರು ಅಪರೂಪಕ್ಕೆ ಬಂದು ಬಹಳ ದಿನ ಇರಲಿ,” ಎಂದ ಕೆಂಚ.

“ನಿನ್ನ ಅನ್ನ ಹೋಗುತ್ತಲ್ಲೋ.”

“ಹೋಗಲಿ. ಮಗು ಉಸಿರಾಡಲಿ.”

ಕಡಿದು ಬೋಳಾದ ಕಾಡನ್ನೇ ಅವಳು ಅವನಿಗೆ ಉಂಬಳಿ ಕೊಟ್ಟಳು, ಬೆಳೆಸಿ ತಿನ್ನೆಂದು. ಕೆಂಚ ಹೋಗಿ ತನ್ನ ಒಲೆಗೇ ಮೊದಲು ನೀರು ಸುರಿದ. ಕೆಲಸ ಕಳೆದುಕೊಂಡ ಜೊತೆಯವರು ಅವನಿಗೆ ಶಾಪ ಹಾಕಿ ಹಿಡಿ ಮಣ್ಣು ತೂರಿದರು.

ಬೊಮ್ಮಿ ಬದುಕಿದಳು. ಗಾಳಿ ತಿಳಿಯಾಗಿ ಬೆಟ್ಟ ಕೆಂಪಗೆ ಕಂಡ ಒಂದು ಬೆಳಿಗ್ಗೆ, ಅಪ್ಪನ ಹೆಗಲ ಮೇಲೆ ಕೂತು ಅರಮನೆಯತ್ತ ಕೈ ತೋರಿದಳು.

“ಅಪ್ಪಾ, ಆ ಒಂದು ಕಿಟಕಿ ಯಾಕೆ ಯಾವಾಗಲೂ ಮುಚ್ಚಿರುತ್ತೆ?”

“ಅದು ಚೆಲುವಾಂಬೆ ತಾಯಿಯ ಕಿಟಕಿ. ಅಲ್ಲಿಂದ ಬೆಟ್ಟ ಚೆನ್ನಾಗಿ ಕಾಣುತ್ತೆ ಮಗಳೇ,” ಎಂದ ಕೆಂಚ.